ಮನೆಯೊಳಗಿನ ರೈಲುದಾರಿ

ಆಟದ ರೈಲುಗಾಡಿಯು ಬಾಲಕರ ವಿನೋದಕ್ಕಾಗಿ ಹುಟ್ಟಿದುದಾದರೂ ಅದನ್ನು ಶ್ರದ್ಧೆಯಿಂದ ಕಟ್ಟಿ ನಡೆಯಿಸುವವರಲ್ಲಿ ತಂದೆಗಳೂ ತಾತಂದಿರೂ ಬಹುಮಂದಿ ಇರುವರು. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯವರು ೧೮೯೧ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ, ಕೀಲಿಕೊಟ್ಟು ಓಡಿಸುವ ಗಾಡಿಯನ್ನು ಗೊತ್ತಾದ ಅಳತೆಯ ಹಳಿಗಳೊಡನೆ ತೋರಿಸಿದರು. ಅದೇ ದೇಶದ ಹ್ಯಾಂಬರ್ಗಿನಲ್ಲಿ ೨೦೦೧ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಪ್ರದರ್ಶನಶಾಲೆಯಲ್ಲಿ ಇಂದು ಸಾವಿರಕ್ಕೂ ಹೆಚ್ಚು ಪುಟ್ಟ ಗಾಡಿಗಳು ಇವೆ. ಅವುಗಳ ಸಂಚಾರವನ್ನು ಗಣಕಯಂತ್ರಗಳು ನೋಡಿಕೊಳ್ಳುತ್ತವೆ. ಇಂಥದನ್ನು ಕಂಡ ಗೃಹಸ್ಥರಿಗೆ ತಮ್ಮ ಮನೆಯಲ್ಲಿಯೂ ಒಂದು ಚಿಕ್ಕ ದಾರಿ ಇರಲೆಂಬ ಬಯಕೆ ಹುಟ್ಟುವುದು ಸಹಜವೇ. ಅಂಥವರಿಗಾಗಿ ಈ ತಿಂಗಳು ನಾಲ್ಕು ಮಾತು ಹೇಳುತ್ತೇವೆ.

ಹಳೆಯ ಕ್ರಮದಲ್ಲಿ ವೇಗದ ಗುಂಡಿಯನ್ನು ತಿರುಗಿಸಿದರೆ ಹಳಿಯಲ್ಲಿನ ವಿದ್ಯುತ್ತೇ ಹೆಚ್ಚು ಕಡಿಮೆಯಾಗುತ್ತಿದ್ದಿತು. ಆದುದರಿಂದ ಆ ಹಳಿಯ ಮೇಲಿದ್ದ ಎಂಜಿನುಗಳೆಲ್ಲವೂ ಒಟ್ಟಿಗೆ ಓಡುತ್ತಿದ್ದುವು, ಒಟ್ಟಿಗೆ ನಿಲ್ಲುತ್ತಿದ್ದುವು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಯಿಸಬೇಕಾದರೆ ಹಳಿಯನ್ನೇ ತುಂಡುತುಂಡಾಗಿ ಬೇರ್ಪಡಿಸಿ ಒಂದೊಂದಕ್ಕೂ ಒಂದು ಸ್ವಿಚ್ಚನ್ನು ಇಡಬೇಕಾಗಿದ್ದಿತು. ಜರ್ಮನಿಯ ಲೆಂಜ್ ಎಂಬವರು ೧೯೮೦ರ ದಶಕದಲ್ಲಿ ರಚಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು, ೧೯೩೫ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲ್ವೆ ಸಂಘವು ೧೯೯೦ರ ದಶಕದಲ್ಲಿ ಡಿಜಿಟಲ್ ನಿಯಂತ್ರಣದ ನಿಯಮಗಳನ್ನು ಗೊತ್ತುಮಾಡಿತು. ಇದರಿಂದ ಬೇರೆ ಬೇರೆ ಸಂಸ್ಥೆಗಳ ಎಂಜಿನುಗಳು ಒಂದೇ ಯಂತ್ರದ ಮಾತನ್ನು ಕೇಳುವಂತಾಯಿತು.

ಇದರ ರಹಸ್ಯವು ಸುಲಭವಾದುದು. ಪಾಠಶಾಲೆಯಲ್ಲಿ ಹಾಜರಿ ಕೂಗುವಾಗ ಉಪಾಧ್ಯಾಯರ ಧ್ವನಿಯು ನಲವತ್ತು ಮಕ್ಕಳ ಕಿವಿಗೂ ಬೀಳುವುದಷ್ಟೆ. ಆದರೆ ಎದ್ದು ಉತ್ತರ ಕೊಡುವವನು ಆ ಹೆಸರಿನವನೊಬ್ಬನೇ. ಹಾಗೆಯೇ ಹಳಿಯಲ್ಲಿ ಯಾವಾಗಲೂ ಪೂರ್ಣ ವಿದ್ಯುತ್ತು ಇರುವುದು. ಆಜ್ಞೆಗಳೂ ಅದರಲ್ಲಿಯೇ ಹರಿಯುವುವು. ಅಲ್ಲಿ ಧನಋಣಗಳು ಕ್ಷಣಕ್ಷಣಕ್ಕೂ ಅದಲುಬದಲಾಗುತ್ತಿರುವುವು. ಒಂದೊಂದು ಬದಲಾವಣೆಯ ನಡುವೆ ಸೆಕೆಂಡಿನ ಹತ್ತು ಲಕ್ಷದ ೫೮ ಭಾಗ ಕಳೆದರೆ ಅದು ಒಂದು ಎಂಬ ಅಂಕ. ೧೦೦ ಭಾಗ ಕಳೆದರೆ ಸೊನ್ನೆ. ಲಘುಗುರುಗಳೆರಡರಿಂದಲೇ ಛಂದಸ್ಸಿನ ವೃತ್ತಗಳೆಲ್ಲ ಆಗುವಂತೆ ಈ ಎರಡು ಅಂಕಗಳಿಂದ ಆಜ್ಞೆಗಳೆಲ್ಲವೂ ಆಗುವುವು. ಎಂಜಿನಿನ ಹೊಟ್ಟೆಯಲ್ಲಿರುವ ಡಿಕೋಡರು ತನ್ನ ಸಂಖ್ಯೆಯನ್ನು ಕೇಳಿದರೆ ಮಾತ್ರ ಮೋಟಾರನ್ನು ನಡೆಯಿಸುವುದು. ಹೊಸ ಡಿಕೋಡರುಗಳು ಸಾಮಾನ್ಯವಾಗಿ ೩ ಎಂಬ ಸಂಖ್ಯೆಯಲ್ಲಿಯೇ ಬರುವುವು. ಎರಡು ಹೊಸ ಎಂಜಿನುಗಳನ್ನು ಹಾಗೆಯೇ ಇಟ್ಟರೆ ಒಂದನ್ನು ಕರೆದಾಗ ಎರಡೂ ಹೊರಡುವುವು. ಆದುದರಿಂದ ಮೊದಲು ನಾಮಕರಣ, ಆಮೇಲೆ ಪ್ರಯಾಣ.

ಇನ್ನು ಕಟ್ಟುವ ಕ್ರಮ. ಹೊಸಬರಿಗೆ ಎಚ್‌.ಓ. ಎಂಬ ಅಳತೆಯು ಅನುಕೂಲವಾದುದು. ಅದು ನಿಜವಾದ ಗಾಡಿಯ ೮೭ರಲ್ಲಿ ಒಂದು ಪಾಲು. ಹಳಿಗಳ ಅಂತರ ೧೬.೫ ಮಿಲಿಮೀಟರು. ೮ ಅಡಿ ಉದ್ದ, ೪ ಅಡಿ ಅಗಲದ ಹಲಗೆಯಲ್ಲಿ ಒಂದು ಸುತ್ತುದಾರಿಯನ್ನು ಹಾಕಬಹುದು. ಆದರೆ ಅದನ್ನು ಗೋಡೆಗೆ ಆನಿಸಬಾರದು. ಆಚೆಯ ಅಂಚಿನಲ್ಲಿ ಗಾಡಿ ಉರುಳಿದರೆ ಕೈಯೆಟುಕದು. ವಿದ್ಯುತ್ತನ್ನು ಸಾಗಿಸುವ ಭಾರವನ್ನು ಹಳಿಗಳ ಕೀಲುಗಳಿಗೆ ಬಿಡದೆ, ಹಲಗೆಯ ಕೆಳಗೆ ದಪ್ಪ ತಂತಿಯನ್ನು ಎಳೆದು, ಕೆಲವು ಅಡಿಗಳಿಗೊಮ್ಮೆ ಅದರಿಂದ ಹಳಿಗೆ ಕವಲುತಂತಿಯನ್ನು ಬೆಸೆಯಬೇಕು. ಗಾಡಿಯು ಹಿಂದಿರುಗಿ ಬರುವ ಕುಣಿಕೆದಾರಿಯಲ್ಲಿ ಎಡಹಳಿಯು ಬಲಹಳಿಯನ್ನು ಕೂಡಿ ಶಾರ್ಟ್ ಸರ್ಕ್ಯೂಟ್ ಆಗುವುದರಿಂದ, ಅಲ್ಲಿ ಎರಡು ಹಳಿಗಳನ್ನೂ ಎರಡು ತುದಿಗಳಲ್ಲಿಯೂ ಕತ್ತರಿಸಿ ಧನಋಣಗಳನ್ನು ತಾನಾಗಿ ಬದಲಿಸುವ ಉಪಕರಣವನ್ನು ಜೋಡಿಸತಕ್ಕುದು.

ಮಕ್ಕಳಿರುವ ಮನೆಯಲ್ಲಿ ಒಂದು ಪರೀಕ್ಷೆಯನ್ನು ಎಂದಿಗೂ ಬಿಡಬಾರದು. ಗಾಡಿಗಳನ್ನೆಲ್ಲ ತೆಗೆದು, ಎರಡು ಹಳಿಗಳಿಗೂ ತಾಗುವಂತೆ ಒಂದು ನಾಣ್ಯವನ್ನು ಅಡ್ಡಲಾಗಿ ಇಡಿರಿ. ಯಂತ್ರವು ಆ ಕ್ಷಣವೇ ವಿದ್ಯುತ್ತನ್ನು ಕಡಿಯಬೇಕು. ದಾರಿಯುದ್ದಕ್ಕೂ ಅಲ್ಲಲ್ಲಿ ಹೀಗೆಯೇ ನೋಡಿರಿ. ಎಲ್ಲಿಯಾದರೂ ಕಡಿಯದಿದ್ದರೆ ಅಲ್ಲಿಯ ತಂತಿ ತೆಳುವಾಗಿದೆ ಅಥವಾ ಬೆಸುಗೆ ಸಡಿಲವಾಗಿದೆ ಎಂದು ತಿಳಿದು ಸರಿಪಡಿಸಿರಿ. ಹಳಿತಪ್ಪಿದ ಎಂಜಿನು ಅಂಥ ಸ್ಥಳದಲ್ಲಿ ಬಿದ್ದರೆ ಕಾವೇರಿ ಪ್ಲಾಸ್ಟಿಕ್ಕು ಕರಗುವುದು, ಬೆಂಕಿಗೂ ಅವಕಾಶವಾದೀತು.

ಇಷ್ಟಾದರೂ ಮುಖ್ಯ ಮಾತೊಂದು ಉಳಿಯಿತು. ಕರೆಯುವ ಯಂತ್ರಕ್ಕೆ ಎಂಜಿನಿನ ಸಂಖ್ಯೆ ಗೊತ್ತು. ಅದು ಎಲ್ಲಿದೆಯೆಂಬುದು ತಾನಾಗಿ ಗೊತ್ತಾಗದು. ಒಂದೇ ಹಳಿಯಲ್ಲಿ ಎದುರುಬದುರಾಗಿ ಎರಡನ್ನು ಕರೆದರೆ ಎರಡೂ ವಿಧೇಯವಾಗಿ ಬಂದು ಡಿಕ್ಕಿ ಹೊಡೆಯುವುವು. ನಮ್ಮ ದೇಶದ ಒಂಟಿಹಳಿಯ ದಾರಿಗಳಲ್ಲಿ ಬಹುಕಾಲ ಸ್ಟೇಷನ್ ಮಾಸ್ತರರ ಕಡೆಯವರು ಬೆತ್ತದ ಬಳೆಯಲ್ಲಿಟ್ಟ ಲೋಹದ ಗುಂಡನ್ನು ಡ್ರೈವರಿಗೆ ಕೊಡುತ್ತಿದ್ದುದನ್ನು ಹಿರಿಯ ವಾಚಕರು ಕಂಡಿರಬಹುದು. ಆ ಗುಂಡು ಕೈಗೆ ಬಾರದೆ ಗಾಡಿಯು ಮುಂದಿನ ಸ್ಟೇಷನ್ನಿಗೆ ಹೊರಡಕೂಡದು. ಆಟದ ದಾರಿಯಲ್ಲಿ ಈ ಕಾವಲಿಗೆ, ಗಾಡಿಯು ಯಾವ ಭಾಗದಲ್ಲಿದೆಯೆಂದು ತಿಳಿಸುವ ಸಂವೇದಕಗಳನ್ನು ಪ್ರತ್ಯೇಕವಾಗಿ ಇಡಬೇಕು. ಅವನ್ನು ಕೊಳ್ಳುವವರೆಗೆ ಮಕ್ಕಳ ಕೈಗೆ ಒಂದು ಬಳೆಯನ್ನೇ ಕೊಟ್ಟು, ಬಳೆಯುಳ್ಳವನು ಮಾತ್ರ ಆ ಒಂಟಿಹಳಿಯಲ್ಲಿ ಗಾಡಿ ಬಿಡತಕ್ಕುದೆಂದು ನಿಯಮ ಮಾಡಿರಿ. ಆಜ್ಞೆ ಕೊಡುವ ಮೊದಲು ಎದುರಿನವನ ಗಾಡಿ ಎಲ್ಲಿದೆಯೆಂದು ನೋಡುವ ಅಭ್ಯಾಸವು ಹತ್ತು ವರ್ಷದ ಹುಡುಗ ಹುಡುಗಿಯರಿಗೆ ಆಟದಲ್ಲಿಯೇ ಬಂದರೆ, ಅದಕ್ಕಾಗಿ ಆದ ವೆಚ್ಚವು ಸಾರ್ಥಕವೆಂದೇ ನಾವು ಭಾವಿಸುತ್ತೇವೆ.