ಬರದಲ್ಲಿ ಎಡೆ ಹೊಡೆಯುವುದೇಕೆ?

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂತಹ ವರ್ಷ ನಮ್ಮ ರೈತಬಾಂಧವರಲ್ಲಿ ಅನೇಕರು ಮೊದಲು ಕೈಬಿಡುವುದು ರೂಢಿಯ ಕೆಲಸಗಳನ್ನು. ಮಳೆಯಿಲ್ಲ, ಕಳೆಯೂ ಇಲ್ಲ, ಜೋಳಕ್ಕೆ ಎಡೆ ಏಕೆ ಹೊಡೆಯಬೇಕು ಎಂದು ವಿಜಯಪುರದ ಕಡೆ ಕೇಳುತ್ತಾರೆ.

ಎಡೆ ಹೊಡೆಯುವುದು ಕಳೆಗಾಗಿ ಮಾತ್ರ ಎಂಬ ತಿಳುವಳಿಕೆಯೇ ತಪ್ಪು. ಎರೆಭೂಮಿ ಒಣಗಿದಂತೆ ಬಿರಿಯುತ್ತದೆ. ಬಿರುಕಿನ ಎರಡೂ ಮೈಗಳಿಂದ ಆಳದ ತೇವ ಆವಿಯಾಗಿ ಹೋಗುತ್ತದೆ, ಬೇರುಗಳೂ ಹರಿಯುತ್ತವೆ. ಎಡೆಕುಂಟೆ ಹಾಯಿಸಿದರೆ ಮೇಲ್ಮಣ್ಣು ಪುಡಿಯಾಗಿ ಬಿರುಕಿಗೆ ಬೀಳುತ್ತದೆ. ಉಳಿದ ಸಡಿಲ ಮಣ್ಣೇ ನೆಲಕ್ಕೆ ಹೊದಿಕೆ. ಮಳೆ ಕಡಿಮೆಯಾದಷ್ಟೂ ಈ ಕೆಲಸದ ಬೆಲೆ ಹೆಚ್ಚು.

ಚೌಕು ಮಡಿಯ ಮಾತೂ ಇದೇ. ಜೂನ್-ಜುಲೈನಲ್ಲಿ, ಇಳಿಜಾರಿಗೆ ತಕ್ಕಂತೆ 10ರಿಂದ 15 ಅಡಿ ಚೌಕದ ಮಡಿ ಕಟ್ಟಿದ್ದರೆ ಬಂದ ಎರಡೇ ಮಳೆಯೂ ಹೊಲದಲ್ಲೇ ಇಂಗೀತು.

ಎಲ್ಲ ರೂಢಿಗೂ ಜೋತುಬೀಳಬೇಕೆಂದು ನಾನು ಹೇಳುತ್ತಿಲ್ಲ. ಒಣಮಣ್ಣಿಗೆ ಮೇಲುಗೊಬ್ಬರವಾಗಿ ಯೂರಿಯಾ ಎರಚುವುದನ್ನು ಬರಗಾಲದಲ್ಲಿ ಬಿಡುವುದೇ ಜಾಣತನ. ಮೇವಿಲ್ಲದೆ ಎತ್ತು ಮಾರಿದವರ ಕಷ್ಟವೂ ಗೊತ್ತು. ನಮ್ಮ ಶಿಫಾರಸುಗಳಲ್ಲಿ ಅವರ ಪ್ರಸ್ತಾಪ ಕಡಿಮೆ ಎಂಬುದನ್ನು ಒಪ್ಪಲೇಬೇಕು. ಅಂಥವರು ನೆರೆಯವರ ಎತ್ತುಗಳನ್ನು ಮುಯ್ಯಿನ ಲೆಕ್ಕದಲ್ಲಿ ಪಡೆಯಬಹುದು, ಇಲ್ಲವೆ ಸೈಕಲ್ ಕುಂಟೆಯಿಂದ ತಾವೇ ಎಳೆಯಬಹುದು. ಬಿತ್ತಿದ 3, 5 ಮತ್ತು 8ನೇ ವಾರ ಎಡೆ ಹೊಡೆಯಬೇಕೆಂಬುದು ಹಿಂಗಾರಿ ಜೋಳದ ಕ್ರಮ. ಮೂರೂ ಆಗದಿದ್ದರೆ, ಬಿರುಕು ಬಾಯಿಬಿಡುವ ಹೊತ್ತಿನದನ್ನು ಮಾತ್ರ ತಪ್ಪಿಸಬೇಡಿ.