ತೂತಿಲ್ಲದ ಗಾಜಿನಲ್ಲಿ ಮುತ್ತಿನ ಸರ

ಪೇಟೆಗೆ ಹತ್ತಿರದ ಹಳ್ಳಿಗಳಲ್ಲಿ ಅಲಂಕಾರದ ಗಿಡ ಬೆಳೆದು ಮಾರುವ ರೈತ ಕುಟುಂಬಗಳಿಗೆ ಗಾಜಿನ ಬೋಗುಣಿಯ ತೋಟವೂ ಒಂದು ಉಪಕಸುಬು. ಇದನ್ನು ಟೆರೇರಿಯಂ ಎನ್ನುತ್ತಾರೆ. ಬಟಾಣಿ ಕಾಳನ್ನು ಪೋಣಿಸಿದಂತೆ ಅದರ ಅಂಚಿನಿಂದ ಇಳಿಬೀಳುವ ‘ಮುತ್ತಿನ ಸರ’ದ ಬಳ್ಳಿ ನೋಡಲು ಬಲು ಚೆಂದ. ಬೆಳೆಯಲಿ, ಮಾರಲಿ, ಅಡ್ಡಿಯಿಲ್ಲ. ಆದರೆ ಈ ಬಳ್ಳಿಯನ್ನು ಮುಚ್ಚಳವಿರುವ ಗಾಜಿನಲ್ಲೋ ಆಳವಾದ ಜಾಡಿಯಲ್ಲೋ ನೆಟ್ಟುಕೊಡುವುದು ಗಿರಾಕಿಗೆ ಮಾಡುವ ಮೋಸವೆಂದೇ ನನ್ನ ಅಭಿಪ್ರಾಯ. ತಿಂಗಳೊಪ್ಪತ್ತಿನಲ್ಲಿ ಕೊಳೆಯುವ ಗಿಡ ಕೊಂಡವರು ಮತ್ತೆ ಆ ನರ್ಸರಿಯ ಕಡೆ ತಲೆಹಾಕುವುದಿಲ್ಲ.

ಇದರ ತವರು ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಪ್ರಾಂತ. ಅಲ್ಲಿನ ಒಣನೆಲದಲ್ಲಿ, ಪೊದೆ ಬಂಡೆಗಳ ನೆರಳಿನಲ್ಲಿ ನೆಲಕ್ಕಂಟಿ ಹಬ್ಬುತ್ತದೆ. ಗೆಣ್ಣು ಮಣ್ಣು ಮುಟ್ಟಿದಲ್ಲಿ ಬೇರು ಬಿಡುತ್ತದೆ. ಗುಂಡಗಿನ ಎಲೆಯೇ ಅದರ ನೀರಿನ ತೊಟ್ಟಿ. ನಮ್ಮ ಗೋಣಿಸೊಪ್ಪು, ಲೋಳೆಸರಗಳೂ ಇದೇ ಸ್ವಭಾವದವು.

ಗಾಜಿನ ಪೆಟ್ಟಿಗೆ ಹುಟ್ಟಿದ್ದಾದರೋ ಬೇರೆ ಉದ್ದೇಶಕ್ಕೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಸೀಸೆಯೊಳಗೆ ಜರಿಗಿಡ ತಾನಾಗಿ ಮೊಳೆತದ್ದನ್ನು ಕಂಡ. ಆವಿ ಹೊರಹೋಗದೆ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1850ರ ಆಸುಪಾಸಿನಲ್ಲಿ ಚೀನಾದ ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿಯೇ. ತೇವ ಬಯಸುವ ಸಸಿಗೆ ಅದು ವರ. ಮುತ್ತಿನ ಸರಕ್ಕೆ ಅದೇ ಕುತ್ತು.

ಆದ್ದರಿಂದ ಬಾಯಿ ಅಗಲವಾಗಿರುವ, ಆಳ ಕಡಿಮೆಯ, ತೆರೆದ ಬೋಗುಣಿಯೇ ಬೇಕು. ಅದರಲ್ಲೂ ತಳದಲ್ಲಿ ತೂತಿಲ್ಲವೆಂಬ ಕೊರತೆ ಉಂಟು. ತಳಕ್ಕೆ ಒಂದಂಗುಲ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆಂದು ಬಹುಜನ ನಂಬಿದ್ದಾರೆ. ಇದು ತಪ್ಪು. ಮೇಲಿನ ಮಣ್ಣು ತುಂಬ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಜಲ್ಲಿಯ ನೆತ್ತಿಯ ಮೇಲೆ ಒದ್ದೆ ಪದರವಾಗಿ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಬೇರಿನ ಹತ್ತಿರಕ್ಕೆ ಏರುತ್ತದೆ. ಜಲ್ಲಿಗೆ ಇಳಿದ ನೀರಿಗಾದರೂ ಗಾಜಿನಿಂದ ಆಚೆಗೆ ದಾರಿಯೆಲ್ಲಿ? ಬಸಿಗಾಲುವೆಗೆ ಕೊನೆಯಲ್ಲಿ ಹೊರದಾರಿ ಇಲ್ಲದಿದ್ದರೆ ಗದ್ದೆ ಏನಾಗುತ್ತದೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಮಿಶ್ರಣವನ್ನೇ ಸಡಿಲ ಮಾಡುವುದು ಲೇಸು. ಒಂದು ಪಾಲು ಕೆಂಪುಮಣ್ಣು, ಎರಡು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಹಿಡಿಯಷ್ಟು ಕಳಿತ ಎಲೆಗೊಬ್ಬರ ಸಾಕು. ಕಡಲ ಮರಳು ಬೇಡ, ಅದರಲ್ಲಿ ಉಪ್ಪಿದೆ. ಮೂರು ನಾಲ್ಕು ಅಂಗುಲದ ತುಂಡುಗಳನ್ನು ಒಂದೆರಡು ದಿನ ನೆರಳಲ್ಲಿಟ್ಟು, ಕತ್ತರಿಸಿದ ತುದಿ ಒಣಗಿದ ಮೇಲೆ ಮಣ್ಣಿನ ಮೇಲೆ ಮಲಗಿಸಿ ಗೆಣ್ಣನ್ನು ಮೆಲ್ಲಗೆ ಒತ್ತಬೇಕು. ಮಣ್ಣು ಬೋಗುಣಿಯ ಅಂಚಿನ ಸಮಕ್ಕೆ ಬರುವಂತಿದ್ದರೆ ಬುಡಕ್ಕೆ ಗಾಳಿಯಾಡುತ್ತದೆ. ಬಳ್ಳಿಯೂ ಗಾಜಿನೊಳಗೆ ಮುದುಡದೆ ಹೊರಗೆ ಇಳಿಯುತ್ತದೆ.

ನೀರನ್ನು ತಂಬಿಗೆಯಲ್ಲಿ ಸುರಿಯದೆ ಚಮಚದಲ್ಲಿ ಕೊಡಿ. ವಾರಕ್ಕೊಮ್ಮೆ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದಾಗ ಒಣಗಿ ಬಂದರೆ, ಮುತ್ತುಗಳೂ ಸ್ವಲ್ಪ ಸೊರಗಿದ್ದರೆ ಮಾತ್ರ ನೀರು. ಮುತ್ತು ಮೆತ್ತಗಾಗಿ ಪಾರದರ್ಶಕವಾಯಿತೆಂದರೆ ನೀರು ಹೆಚ್ಚಾಗಿದೆ ಎಂದರ್ಥ. ಬೆಳಗಿನ ಬಿಸಿಲು ಹಿತ. ಮಧ್ಯಾಹ್ನದ ಬಿಸಿಲಿಗೆ ಗಾಜು ಕಾಯುತ್ತದೆ. ಹಿಟ್ಟುತಿಗಣೆ ಕಂಡರೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಬಯಲುಸೀಮೆಯ ಒಣಹವೆ ಇದಕ್ಕೆ ಒಗ್ಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೂತಿಲ್ಲದ ಗಾಜಿನಲ್ಲಿ ಇದನ್ನು ಉಳಿಸಿಕೊಳ್ಳುವುದು ಕಷ್ಟ; ಅಲ್ಲಿನವರು ಜರಿಗಿಡದ ಗಾಜಿನ ತೋಟ ಮಾಡಿದರೆ ಲಾಭವಾದೀತು.

ಗಾಜೇ ಬೇಕೆನ್ನುವ ಗಿರಾಕಿಗೆ ತೂತಿರುವ ಸಣ್ಣ ಮಣ್ಣಿನ ಕುಂಡದಲ್ಲಿ ಬೆಳೆಸಿ, ಕುಂಡವನ್ನೇ ಬೋಗುಣಿಯೊಳಗೆ ಇಟ್ಟುಕೊಡಬಹುದು. ನೀರು ಹಾಕುವಾಗ ಹೊರತೆಗೆದು, ಬಸಿದ ಮೇಲೆ ಮತ್ತೆ ಇಟ್ಟರಾಯಿತು. ನೀರಿನ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಬಳ್ಳಿ ವಿಷಕಾರಿ ಎಂಬುದನ್ನೂ ಅದರಲ್ಲೇ ಸೇರಿಸಿ. ಬಟಾಣಿಯಂತೆ ಕಾಣುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಂಡಾರು. ಕತ್ತರಿಸಿ ಎಸೆದ ಬಳ್ಳಿ ದನಕರುಗಳ ಗೋದಲಿಯ ಹತ್ತಿರ ಬೀಳದಂತೆ ನೋಡಿಕೊಳ್ಳಿ.