ಊರಿಗೆ ಕಳಿಸೋ ದುಡ್ಡು ಸೋರಿಕೆ ಅಲ್ಲ ಸ್ವಾಮಿ

ಹೋದ ವಾರ ನಮ್ಮ ಟೀಮಿನ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ನನ್ನ ಡೆಸ್ಕಿಗೆ ಬಂದ. ಹಾವೇರಿ ಕಡೆಯವನು, ಕೆಲಸಕ್ಕೆ ಸೇರಿ ಆರು ವರ್ಷ, ಮದುವೆಯಾಗಿ ಒಂದು ವರ್ಷ. ಬೆಂಗಳೂರಲ್ಲಿ ಫ್ಲ್ಯಾಟ್ ತಗೋಬೇಕಂತೆ. "ಸರ್, ನೀವು ಆಗಲೇ ತಗೊಂಡಿದೀರಲ್ಲ, ಈ ಶೀಟ್ ಒಂಚೂರು ನೋಡಿ" ಅಂದ. ನೋಡಿದೆ. ಸಂಬಳ, ಬಾಡಿಗೆ, ದಿನಸಿ, ಪೆಟ್ರೋಲು, ಎಸ್‌ಐಪಿ ಎಲ್ಲಾ ನೀಟಾಗಿ ಬರೆದಿದ್ದ. ಒಂದೇ ಒಂದು ಸಾಲಿಗೆ ಕೆಂಪು ಬಣ್ಣ ಹಚ್ಚಿದ್ದ: "ಊರಿಗೆ - 12,000".

"ಇದೊಂದು ನಿಂತ್ರೆ ಇಎಂಐ ಹೊಂದುತ್ತೆ ಸರ್. ಮನೇಲಿ ಹೆಂಗೆ ಹೇಳೋದು ಅಂತ ಗೊತ್ತಾಗ್ತಿಲ್ಲ ಅಷ್ಟೇ."

ನನ್ನ ಎದೆ ಧಸಕ್ಕೆಂದಿತು. ಯಾಕಂದ್ರೆ ಅದೇ ಸಾಲು, ಅದೇ ಕೆಂಪು, ನನ್ನ ಶೀಟಿನಲ್ಲೂ ಇತ್ತು. ನಾನು ಅದಕ್ಕೆ "ಲೀಕೇಜ್" ಅಂತ ಹೆಸರು ಬೇರೆ ಇಟ್ಟಿದ್ದೆ.

ಈ ಪಾಠ ನಮಗೆ ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. ಮೊಬೈಲ್ ತೆಗೆದರೆ ಸಾಕು, ಒಬ್ಬರಲ್ಲ ಒಬ್ಬರು ಹಣಕಾಸಿನ ಗುರುಗಳು ಸಿಗ್ತಾರೆ. ಬಾಡಿಗೆ ಕಟ್ಟೋದು ದಂಡ, ಬೇಗ ಸ್ವಂತ ಮನೆ ಮಾಡ್ಕೊಳ್ಳಿ, ಮನೆಯವರ ಖರ್ಚಿಗೆ ಕಡಿವಾಣ ಹಾಕಿ, ನೆಂಟರಿಷ್ಟರಿಗೆ "ಇಲ್ಲ" ಅನ್ನೋದನ್ನ ಕಲೀರಿ. ಕೇಳೋಕೆ ಬಹಳ ಶಿಸ್ತಾಗಿರುತ್ತೆ. ಆದರೆ ಇದರೊಳಗೆ ಒಂದು ಮೋಸ ಇದೆ. ಭಾವನೆ, ಸಂಸ್ಕೃತಿ ಅಂತೆಲ್ಲ ನಾನು ಮಾತಾಡ್ತಿಲ್ಲ. ಇದು ಲೆಕ್ಕದ ಮೋಸ. ನನ್ನ ಲೆಕ್ಕವನ್ನೇ ಬಿಚ್ಚಿಟ್ಟು ತೋರಿಸ್ತೀನಿ.

2021ರಲ್ಲಿ ನಾವು 75 ಲಕ್ಷಕ್ಕೆ ಎರಡು ಬೆಡ್‌ರೂಮಿನ ರೀಸೇಲ್ ಫ್ಲ್ಯಾಟ್ ತಗೊಂಡ್ವಿ. ಅಷ್ಟು ಮೊತ್ತಕ್ಕೆ ಬ್ಯಾಂಕು ಬೆಲೆಯ ಶೇ. 80ರವರೆಗೆ ಮಾತ್ರ ಸಾಲ ಕೊಡಬಹುದು. ಅಂದರೆ 60 ಲಕ್ಷ. ಉಳಿದ 15 ಲಕ್ಷ ನಾವೇ ಹೊಂದಿಸಬೇಕು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ ಎಲ್ಲ ಸೇರಿ ಆಗ ಸುಮಾರು ಶೇ. 6.6 ಇತ್ತು. ಅದೊಂದು 5 ಲಕ್ಷ, ಅದೂ ನಮ್ಮ ಕೈಯಿಂದಲೇ. ಒಟ್ಟು 20 ಲಕ್ಷ.

ಈ 20 ಎಲ್ಲಿಂದ ಬಂತು? ಪಿಎಫ್‌ನಿಂದ ತೆಗೆದದ್ದೂ ಸೇರಿ ನಮ್ಮಿಬ್ಬರದು 8 ಲಕ್ಷ. ನಮ್ಮೂರು ತಿಪಟೂರಿನ ಹತ್ತಿರ. ಅಪ್ಪ ವರ್ಷಗಟ್ಟಲೆ ಕೊಬ್ಬರಿ ಮಾರಿ ಪೋಸ್ಟಾಫೀಸಿನಲ್ಲಿ ಇಟ್ಟಿದ್ದ 5 ಲಕ್ಷ. ಹೆಂಡತಿಯ ತವರಿನ ಒಡವೆ ಅಡ ಇಟ್ಟು 4 ಲಕ್ಷ. ಅವಳ ಅಣ್ಣ ಕೊಟ್ಟ ಕೈಸಾಲ 3 ಲಕ್ಷ. ಬಡ್ಡಿ ಇಲ್ಲ, ಪತ್ರ ಇಲ್ಲ. "ಆದಾಗ ಕೊಡಿ ಭಾವ" ಅಂದ್ರು, ಅಷ್ಟೇ.

ಅಂದರೆ 20ರಲ್ಲಿ 12 ಲಕ್ಷ ಮನೆಯವರದು. ಅದನ್ನ ನಾನು ಇನ್ನೊಂದು ಶೀಟಿನಲ್ಲಿ "ಡೌನ್ ಪೇಮೆಂಟ್" ಅಂತ ಹಸಿರು ಬಣ್ಣದಲ್ಲಿ ಬರೆದಿದ್ದೆ. ಮನೆಯವರಿಂದ ಬಂದದ್ದು ಹಸಿರು, ಮನೆಯವರಿಗೆ ಹೋಗೋದು ಕೆಂಪು. ಬಿಇ ಓದಿದವನು ನಾನು. ಎರಡೂ ಒಂದೇ ಖಾತೆಯ ಎಡ ಬಲ ಅನ್ನೋದು ನನ್ನ ತಲೆಗೆ ಹೊಳೀಲಿಲ್ಲ.

ಸಾಲ ಸಿಕ್ಕಿದ್ದು ಶೇ. 7ಕ್ಕೆ, 20 ವರ್ಷಕ್ಕೆ. ತಿಂಗಳ ಕಂತು 46,518. ಊರಿಗೆ 10,000 ಕಳಿಸಿಯೂ ಉಸಿರಾಡುವಷ್ಟು ಜಾಗ ಇತ್ತು. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರ ಏರಿಸೋಕೆ ಶುರು ಮಾಡಿತು. ಶೇ. 4 ಇದ್ದದ್ದು 2023ರ ಫೆಬ್ರವರಿಗೆ 6.5 ಆಯ್ತು. ನನ್ನ ಸಾಲ ರೆಪೊಗೆ ಗಂಟು ಹಾಕಿದ್ದು, ಹಾಗಾಗಿ ಬಡ್ಡಿ 7ರಿಂದ 9.5ಕ್ಕೆ ಬಂತು. ಉಳಿದಿದ್ದ 58 ಲಕ್ಷ ಚಿಲ್ಲರೆಗೆ ತಿಂಗಳ ಬಡ್ಡಿಯೇ 46 ಸಾವಿರ ದಾಟಿತು. ಅಂದರೆ ಕಟ್ಟಿದ ಕಂತು ಹೆಚ್ಚುಕಮ್ಮಿ ಪೂರ್ತಿ ಬಡ್ಡಿಗೇ ಹೋಗಿ, ಅಸಲು ಇದ್ದಲ್ಲೇ ಕೂತಿತು. ಬ್ಯಾಂಕಿನವರು ಮೊದಲು ಅವಧಿಯನ್ನ ಎಳೆದರು. ಅದೂ ಸಾಲದಾದಾಗ ಕಂತನ್ನ 50 ಸಾವಿರದ ಹತ್ತಿರಕ್ಕೆ ತಂದರು. ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ. ಎಸ್ಸೆಮ್ಮೆಸ್ ಬಂತು.

ಆಗ ನಾನು ಏನು ಮಾಡಿದೆ? ಕೆಂಪು ಸಾಲಿಗೆ ಕತ್ತರಿ ಹಾಕಿದೆ. ಇದನ್ನ ಈಗ ಯೋಚಿಸಿದ್ರೆ ನಾಚಿಕೆ ಆಗುತ್ತೆ. ಮನೆಯ ಲೆಕ್ಕ ಏರುಪೇರಾಗಿದ್ದು ಅಪ್ಪನ ಖರ್ಚಿನಿಂದ ಅಲ್ಲ, ಬಡ್ಡಿಯಿಂದ. ಆದ್ರೆ ಬ್ಯಾಂಕಿಗೆ ಕಟ್ಟದಿದ್ರೆ ದಂಡ ಹಾಕ್ತಾರೆ, ಸಿಬಿಲ್ ಸ್ಕೋರ್ ಬೀಳುತ್ತೆ. ಅಪ್ಪನಿಗೆ ಕಳಿಸದಿದ್ರೆ ಯಾವ ಸ್ಕೋರೂ ಬೀಳಲ್ಲ. ಯಾರಿಗೆ ದಂಡ ಹಾಕೋ ಅಧಿಕಾರ ಇಲ್ಲವೋ ಅವರ ಖರ್ಚನ್ನೇ ನಾವು ಮೊದಲು ಕತ್ತರಿಸ್ತೀವಿ. ಅದಕ್ಕೆ "ಶಿಸ್ತು" ಅಂತ ಹೆಸರಿಡ್ತೀವಿ.

ಅದೇ 2023ರಲ್ಲಿ ಕೊಬ್ಬರಿ ಬೆಲೆ ಬಿತ್ತು. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750, ಮಾರುಕಟ್ಟೆಯಲ್ಲಿ ಸಿಗ್ತಿದ್ದದ್ದು ಅದಕ್ಕಿಂತ ಬಹಳ ಕೆಳಗೆ. ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿದ್ರು. ಬೋರಿನ ಮೋಟ್ರು ಸುಟ್ಟೋಗಿತ್ತು. ರಿಪೇರಿ, ಮೇಲೆತ್ತೋ ಖರ್ಚು, ಪೈಪು ಎಲ್ಲ ಸೇರಿ 18 ಸಾವಿರ ಆಗುತ್ತೆ ಅಂದ್ರು. "ಈ ತಿಂಗಳು ಕಷ್ಟ ಅಪ್ಪ" ಅಂದೆ. "ಆಯ್ತು ಬಿಡಪ್ಪ, ನೋಡ್ಕತೀನಿ" ಅಂದು ಇಟ್ಟರು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಒಂದು ಹಸು ಇರಲಿಲ್ಲ. ಅಮ್ಮನನ್ನ ಕೇಳಿದೆ. "ಮೋಟ್ರು ರಿಪೇರಿಗೆ ಅಂತ ಮಾರಿದ್ರು. ನಿಂಗೆ ಹೇಳ್ಬೇಡ ಅಂದಿದ್ರು." ಆ ಹಸುವಿನ ಹಾಲನ್ನ ಡೈರಿಗೆ ಹಾಕಿ ಬರ್ತಿದ್ದ ದುಡ್ಡಲ್ಲೇ ಅಮ್ಮನ ಬಿಪಿ ಮಾತ್ರೆ, ಮನೆಯ ದಿನಸಿ ನಡೀತಿತ್ತು. ನನ್ನ ಶೀಟಿನ ಪ್ರಕಾರ ಆ ತಿಂಗಳು ನಾನು 18 ಸಾವಿರ ಉಳಿಸಿದ್ದೆ. ನಿಜದಲ್ಲಿ ದುಡಿಯೋ ಆಸ್ತಿಯೊಂದನ್ನ ಮಾರಿಸಿದ್ದೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹೆಂಡತಿ ಆ ಶೀಟ್ ತೆಗೆಸಿದಳು. "ನಮ್ಮಣ್ಣ ಕೊಟ್ಟ 3 ಲಕ್ಷ ಎಲ್ಲಿ ಬರ್ದಿದೀರಿ?" "ಡೌನ್ ಪೇಮೆಂಟಲ್ಲಿ." "ಅವನ ಮಗಳ ನಾಮಕರಣಕ್ಕೆ ಓಲೆ ಕೊಟ್ವಲ್ಲ, ಅದು?" ನಾನು ಸುಮ್ಮನಿದ್ದೆ. ಅದು ಕೆಂಪು ಸಾಲಿನಲ್ಲಿತ್ತು. "ಹಂಗಾದ್ರೆ ಇದು ಲೆಕ್ಕ ಅಲ್ಲ ರೀ, ನಿಮಗೆ ಬೇಕಾದಂಗೆ ಬರ್ಕೊಂಡಿರೋ ಕತೆ" ಅಂದಳು.

ನಿಜವಾದ ಲೆಕ್ಕದ ಪುಸ್ತಕ ಅಪ್ಪನ ಹತ್ತಿರ ಇದೆ. ರಟ್ಟು ಹರಿದ ಉದ್ದನೆಯ ನೋಟ್‌ಬುಕ್, ಮುಯ್ಯಿ ಪುಸ್ತಕ. ಯಾರ ಮದುವೆಗೆ ನಾವು ಎಷ್ಟು ಹಾಕಿದ್ವಿ, ನಮ್ಮನೆ ಕಾರ್ಯಕ್ಕೆ ಯಾರು ಎಷ್ಟು ಹಾಕಿದ್ರು ಎಲ್ಲಾ ಅದರಲ್ಲಿದೆ. ಅಪ್ಪ ತಿಂಗಳಿಗೆ ಎರಡು ಮೂರು ಮದುವೆಗೆ ಮುಯ್ಯಿ ಹಾಕ್ತಾರೆ ಅಂತ ನಾನೇ ಎಷ್ಟೋ ಸಲ ರೇಗಿದ್ದೆ. ಆದರೆ ನನ್ನ ಬಿಇ ಮೊದಲ ವರ್ಷದ ಫೀಸಿಗೆ ದುಡ್ಡು ಸಾಲದೇ ಇದ್ದಾಗ ಕೈಹಿಡಿದವರು ಆ ಪುಸ್ತಕದ ಜನವೇ. ಊರಿನ ನಮ್ಮ ಮನೆಗೆ ಹೆಂಚು ಹೊದಿಸಿದ್ದೂ ಮುಯ್ಯಾಳುಗಳೇ. ಇವತ್ತು ನಿಮ್ಮನೆ ಕೆಲಸಕ್ಕೆ ನಾನು, ನಾಳೆ ನಮ್ಮನೆ ಕೆಲಸಕ್ಕೆ ನೀವು. ಇಎಂಐ ಅನ್ನೋ ಪದ ಕೇಳದ ಅಪ್ಪ ಮನೆ ಕಟ್ಟಿದ್ದು ಹೀಗೆ. ನಾವು ದುಂದು ಅಂತ ಕರೆಯೋದು ಅವರ ಬ್ಯಾಂಕು.

ಹಾಗಂತ ಮನೆಯವರು ಕೇಳಿದ್ದಕ್ಕೆಲ್ಲ ತಲೆ ಆಡಿಸಿ ಅಂತ ಹೇಳ್ತಿಲ್ಲ. ಮದುವೆಗೆ ಡಿಜೆ, ಊರ ತುಂಬ ಫ್ಲೆಕ್ಸು, ಮುಟ್ಟದೇ ಎಸೆಯೋ ಮೂವತ್ತು ಬಗೆ ಊಟ, ಇದಕ್ಕೆಲ್ಲ ನನ್ನ ಕೈಯಿಂದ ಒಂದು ರೂಪಾಯಿ ಬಿಚ್ಚಲ್ಲ. ನಮ್ಮ ಚಿಕ್ಕಪ್ಪನ ಮಗ ಎರಡು ಲಕ್ಷದ ಬೈಕಿಗೆ ದುಡ್ಡು ಕೇಳಿದಾಗ ಮುಖ ನೋಡಿಯೇ ಇಲ್ಲ ಅಂದಿದೀನಿ. ಆದರೆ "ಖರ್ಚಿನ ಅಭ್ಯಾಸ" ಅಂದ ಕೂಡಲೇ ನಮಗೆ ಯಾಕೆ ಅಮ್ಮನ ಹರಕೆ, ಹೆಂಡತಿಯ ಸೀರೆ, ಅಪ್ಪನ ಮುಯ್ಯಿಯೇ ಕಾಣುತ್ತೆ? ಎರಡು ವರ್ಷಕ್ಕೊಂದು ಫೋನು, ವಾರಕ್ಕೆ ನಾಲ್ಕು ಸಲ ಆರ್ಡರ್ ಮಾಡೋ ಬಿರಿಯಾನಿ ಯಾಕೆ ಕೆಂಪು ಬಣ್ಣದಲ್ಲಿ ಇರಲ್ಲ?

"ತೆರಿಗೆ ಉಳಿಯುತ್ತಲ್ಲ" ಅನ್ನೋ ಮಾತಿಗೂ ಉತ್ತರ ಹೇಳಿಬಿಡ್ತೀನಿ. ಹಳೇ ಪದ್ಧತಿಯಲ್ಲಿ ನಾವೇ ವಾಸ ಇರೋ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ವಿನಾಯ್ತಿ. ನಾನು ಕಟ್ಟುತ್ತಿದ್ದ ಬಡ್ಡಿ 5 ಲಕ್ಷದ ಮೇಲೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಹುಡುಗ ಎಲ್ಲಾ ಕೇಳಿ, "ಹಂಗಾದ್ರೆ ಫ್ಲ್ಯಾಟ್ ಬೇಡ ಅಂತೀರಾ ಸರ್?" ಅಂದ. ಬೇಡ ಅನ್ನಲ್ಲ. ಶೀಟಿನಲ್ಲಿ ಸಾಲುಗಳ ಜಾಗ ಬದಲಿಸು ಅಂದೆ. ಬ್ಯಾಂಕಿನ ಅರ್ಜಿಯಲ್ಲಿ ಬೇರೆ ಸಾಲ ಎಷ್ಟಿದೆ ಅಂತ ಕೇಳ್ತಾರೆ, ಊರಲ್ಲಿ ಯಾರಿದಾರೆ ಅಂತ ಕೇಳಲ್ಲ. ಅವರು ಕೊಡೋಕೆ ತಯಾರಿರೋ ಮೊತ್ತ ನೀನು ತೀರಿಸಬಲ್ಲ ಮೊತ್ತ ಅಲ್ಲ. ಮೊದಲು ಊರಿನ ಸಾಲು ಬರಿ. ಉಳಿದದ್ದರಲ್ಲಿ ಕಂತು ಎಷ್ಟು ಕಟ್ಟಬಹುದು ನೋಡು, ಅದೂ ಬಡ್ಡಿಗೆ ಇನ್ನೊಂದು 2.5 ಸೇರಿಸಿ. 60ರ ಬದಲು 40 ಲಕ್ಷ ಸಾಲ ಮಾಡಿದ್ರೆ 20 ವರ್ಷಕ್ಕೆ ಶೇ. 9.5ರಲ್ಲೂ ಕಂತು 37,285. ನಾನು ಶೇ. 7ರಲ್ಲಿ ಕಟ್ಟುತ್ತಿದ್ದದ್ದಕ್ಕಿಂತ 9 ಸಾವಿರ ಕಮ್ಮಿ. ಅಷ್ಟೇ ಮಾಡಿದ್ದಿದ್ರೆ ನಮ್ಮ ಹಸು ಕೊಟ್ಟಿಗೆಯಲ್ಲೇ ಇರ್ತಿತ್ತು. ಒಂದು ರೂಮು ಕಮ್ಮಿ ಬರಬಹುದು, ಆಫೀಸು ದೂರ ಆಗಬಹುದು, ಇಲ್ಲಾ ಇನ್ನೂ ನಾಲ್ಕು ವರ್ಷ ಬಾಡಿಗೆ ಮನೇಲೇ ಇರಬೇಕಾಗಬಹುದು. ಇರು. ಬಾಡಿಗೆ ಮನೇಲಿ ಇರೋದು ಅವಮಾನ ಅಲ್ಲ.

ಹೆಂಡತಿಯ ಅಣ್ಣನ 3 ಲಕ್ಷದಲ್ಲಿ ಇನ್ನೂ 1 ಲಕ್ಷ ಬಾಕಿ ಇದೆ. ಇವತ್ತಿನವರೆಗೆ ಅವರು ಒಂದು ಸಲವೂ ಕೇಳಿಲ್ಲ. ಬ್ಯಾಂಕು ಪ್ರತಿ ತಿಂಗಳು 5ನೇ ತಾರೀಕು ತಪ್ಪದೇ ಕೇಳುತ್ತೆ. ಕೇಳದೇ ಇರೋರ ಬಾಕಿಯನ್ನ ಮೊದಲು ಬರ್ಕೊಳ್ಳಿ.